ಕಂಬ ಬಡಿದು ಕೇಳುತ್ತಿದ್ದ ಗೌಂಡಿ

ಕಲ್ಲು-ಗಾರೆ ಕೆಲಸ ಮಾಡುವ ಐನಾಪುರದ ಮುಸ್ಲಿಂ ಗೌಂಡಿ ಕಾಕಾ ನಮ್ಮೂರಿನ ಹಳೆಯ ಶಿವನ ಗುಡಿಗೆ ಬಂದಾಗಲೆಲ್ಲ ಚಪ್ಪಲಿ ಹೊರಗೆ ಬಿಟ್ಟು, ಕಂಬಗಳನ್ನು ಬೆರಳಿನ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಿದ್ದರು. ಯಾರು ಏನು ಕೇಳಿದರೂ ಒಂದೇ ಉತ್ತರ: “ಕಲ್ಲಿಗೆ ಕೇಳ್ರಿ, ಹೇಳತೈತಿ.”

ಒಂದು ಮಳೆಗಾಲ ಮಂಟಪ ಸೋರತೊಡಗಿತು. ಕಲ್ಲುಗಳ ಸಂದಿಗೆ ಸಿಮೆಂಟು ತುಂಬಿಬಿಡಿ ಎಂದರು ಗುಡಿ ಕಮಿಟಿಯ ಅಧ್ಯಕ್ಷರು. ಕಾಕಾ ಒಪ್ಪಲಿಲ್ಲ.

“ಮಾಳಿಗಿ ಮ್ಯಾಲ ಸುಣ್ಣದ ಗಾರಿ ಹಾಕತೀನ್ರಿ. ಸಂದಿ ಮಾತ್ರ ಮುಟ್ಟಂಗಿಲ್ಲ. ಈ ಕಲ್ಲ ಬರೇ ತಮ್ಮ ಭಾರದ ಮ್ಯಾಲ ನಿಂತಾವ. ನಡುವ ಸಿಮೆಂಟ್ ಸಿಗಿಸಿದ್ರ ಸೀಳತಾವ.”

“ಹಂಗಂತ ನಿಮಗ ಯಾರ ಹೇಳ್ಯಾರ?” ಅಧ್ಯಕ್ಷರು ಕೇಳಿದರು.

ಕಾಕಾ ಬಾಗಿಲ ಪಕ್ಕದ ಬಿರುಕುಬಿಟ್ಟ ಕಂಬದ ಮೇಲೆ ಅಂಗೈ ಇಟ್ಟರು.

“ಈ ಕಲ್ಲಿಗೆ ಕೇಳ್ರಿ. ಹರೇದಾಗ ಇದರ ಸಂದಿಗೆ ಸಿಮೆಂಟ್ ತುಂಬಿದಾಂವ ನಾನ.”