ಲುಯಿಸನ ಮನೆಯ ಉಪ್ಪಿಲ್ಲದ ಕುಂಬಳಕಾಯಿ

ಕ್ರಿಸ್ಮಸ್ ದಿನ ಲುಯಿಸನ ಮನೆಯಲ್ಲಿ ಕೋಳಿ ಸಾರು, ಅಕ್ಕಿ ರೊಟ್ಟಿ, ಬೆಲ್ಲದ ಪಾಯಸ ಎಲ್ಲ ಇರುತ್ತದೆ. ಆದರೆ ಎಲೆಗೆ ಮೊದಲು ಬೀಳುವುದು ಕುಂಬಳಕಾಯಿ ಪಲ್ಯ, ಅದಕ್ಕೆ ಉಪ್ಪಿಲ್ಲ. ಮರೆತು ಬಿಟ್ಟದ್ದಲ್ಲ, ಬೇಕೆಂದೇ ಬಿಟ್ಟದ್ದು. ಅದನ್ನು ಒಂದು ತುತ್ತು ನುಂಗದೆ ಯಾರೂ ಕೋಳಿಯ ಕಡೆ ಕಣ್ಣೆತ್ತುವಂತಿಲ್ಲ. ಮನೆಯ ಹೊಸ ಅಳಿಯ ಮೊದಲ ವರ್ಷ ಮುಖ ಕಿವುಚಿದ್ದಕ್ಕೆ ಲುಯಿಸ ಅವನೊಡನೆ ಯುಗಾದಿಯವರೆಗೂ ಸರಿಯಾಗಿ ಮಾತಾಡಲಿಲ್ಲ.

ಚಿಗಳ್ಳಿಯ ಹಾದಿಯಲ್ಲಿರುವ ಆ ಸಣ್ಣ ಊರಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳ ಮನೆಗಳು ನಾಲ್ಕಾರು, ಉಳಿದವು ಲಿಂಗಾಯತ ರೈತರವು. ಲುಯಿಸ ಹುಟ್ಟಿದ್ದು ಅಲ್ಲೇ, ಭತ್ತದ ಗದ್ದೆಯಲ್ಲಿ ಕಳೆ ಕಿತ್ತು ಬೆಳೆದದ್ದೂ ಅಲ್ಲೇ. ನಡುವೆ ಬಹಳ ವರ್ಷ ಗಣೇಶಗುಡಿಯಲ್ಲಿ ರಾಫ್ಟಿಂಗ್ ದೋಣಿಗಳಿಗೆ ಗಾಳಿ ತುಂಬಿ, ಹೊತ್ತು ನದಿಗಿಳಿಸುವ ಕೆಲಸ ಮಾಡಿದ. ಅಲ್ಲಿಗೆ ಬರುವ ಪ್ರವಾಸಿಗರು ಅವನ ಗುಂಗುರು ಕೂದಲು ನೋಡಿ, "ಯಾವ ದೇಶದವರು ನೀವು?" ಎಂದು ಕೇಳುತ್ತಿದ್ದರು. "ಮುಂಡಗೋಡ ತಾಲೂಕ್ರಿ" ಎಂದರೆ ನಗುತ್ತಿದ್ದರು. ಅವನು ಚೇಷ್ಟೆ ಮಾಡುತ್ತಿದ್ದಾನೆ ಎಂದು ಅವರ ಎಣಿಕೆ. ನಗು ಮುಗಿದ ಮೇಲೆ, "ಅಲ್ಲ, ಮೊದಲು ಎಲ್ಲಿಂದ ಬಂದವರು?" ಎಂದು ಮತ್ತೆ ಕೇಳುತ್ತಿದ್ದರು.

ಆ ಪ್ರಶ್ನೆಗೆ ಲುಯಿಸನ ಬಳಿ ಇದ್ದದ್ದು ಕುಂಬಳಕಾಯಿಯೊಂದೇ. ಸಣ್ಣವನಿದ್ದಾಗ, "ಇದಕ್ಯಾಕ ಉಪ್ಪಿಲ್ಲವ್ವಾ?" ಎಂದು ಕೇಳಿದ್ದಕ್ಕೆ ತಾಯಿ ಪಾಸ್ಕಿನ, "ನಮ್ಮ ಹಿರ್ಯಾರಿಗೆ ಉಪ್ಪ ಸಿಗತಿದ್ದಿಲ್ಲಪಾ, ಅವರ ನೆನಪಿಗೆ" ಎಂದಿದ್ದಳು. ಅವಳು ಹೇಳಿದ್ದು ಅಷ್ಟೇ. ಹಡಗು, ಗೋವೆಯ ಒಡೆಯ, ಕಾಲಿನ ಸರಪಳಿ, ಕಾಡಿಗೆ ಓಡಿ ಬಂದ ರಾತ್ರಿ, ಇವೆಲ್ಲ ಲುಯಿಸ ವರ್ಷಕ್ಕಿಷ್ಟು ಸೇರಿಸಿದ ಒಗ್ಗರಣೆ. "ಉಪ್ಪಿನ ಸಮುದ್ರ ದಾಟಿ ಬಂದವರಿಗೆ ಒಂದು ಹರಳು ಉಪ್ಪು ಕೊಡಲಿಲ್ಲ" ಎಂಬ ಮಾತು ಅವನದೇ ಸ್ವಂತದ್ದು. ಅದನ್ನು ಹೇಳುವಾಗ ಅವನ ದನಿ ನಡುಗುತ್ತಿತ್ತು, ಆ ನಡುಕದಲ್ಲಿ ಸುಳ್ಳಿರಲಿಲ್ಲ. ಮುತ್ತಜ್ಜನ ಹೆಸರೂ ಗೊತ್ತಿಲ್ಲದವನಿಗೆ ಆ ಸಪ್ಪೆ ತುತ್ತೇ ಮುತ್ತಜ್ಜ.

ಹೋದ ಕ್ರಿಸ್ಮಸ್‌ನಲ್ಲಿ ಮಗಳು ಕರಿಷ್ಮಾ, ಅಪ್ಪ ಎಲೆಯ ಮುಂದೆ ಕುಳಿತು ಹೇಳುವ ಈ ಕಥೆಯನ್ನು ಮೊಬೈಲಿನಲ್ಲಿ ಹಿಡಿದು ಎಲ್ಲರಿಗೂ ಕಳಿಸಿದಳು. ಅದು ಊರೂರು ಸುತ್ತಿತು. ಮುಂಡಗೋಡದ ಸಂತೆಯಲ್ಲಿ ಗುರುತಿಲ್ಲದವರೂ ಲುಯಿಸನ ಕೈ ಕುಲುಕಿದರು. ಸುತ್ತಿ ಸುತ್ತಿ ಈ ಮಳೆಗಾಲದಲ್ಲಿ ಅದು ಅವನ ಓಣಿಗೇ ಬಂತು. ಮೇಲಿನ ಮನೆಯ ಗುರುಸಿದ್ದವ್ವ ಮಗ ಚನಬಸಪ್ಪನ ಮೊಬೈಲಿನಲ್ಲಿ ಅದನ್ನು ನೋಡಿ, ಲುಯಿಸನನ್ನು ಕರೆಸಿದಳು.

ಗುರುಸಿದ್ದವ್ವನಿಗೆ ಎಂಬತ್ತರ ಹತ್ತಿರ. ಪಾಸ್ಕಿನ ಜೀವಮಾನವೆಲ್ಲ ದುಡಿದದ್ದು ಅವಳ ಗದ್ದೆಯಲ್ಲೇ. ಲುಯಿಸ ಹೋಗಿ ಕಟ್ಟೆಯ ಮೇಲೆ ಕುಳಿತ. ಅವಳು ಸುತ್ತುಬಳಸಿ ಮಾತಾಡಲಿಲ್ಲ.

"ಲುಯಿಸ, ಆ ಕುಂಬಳಕಾಯಿ ನಿಮ್ಮ ಹಿರ್ಯಾರದಲ್ಲೋ. ಅದು ನಂದು."

ಲುಯಿಸನಿಗೆ ತಿಳಿಯಲಿಲ್ಲ. ಅವಳು ನಿಧಾನವಾಗಿ ಬಿಡಿಸಿ ಹೇಳಿದಳು.

"ಚನಬಸು ಹೊಟ್ಯಾಗಿದ್ದ. ನಿಮ್ಮ ಹಬ್ಬದ ದಿನ ಹಿತ್ತಲದಾಗ ನಿಂತಾಗ ನಿಮ್ಮ ಮನಿ ಕುಂಬಳಕಾಯಿ ವಾಸನಿ ಬಂತು. ಬಸುರಿ ಬಯಕಿ, ತಡಕೊಳ್ಳಾಕ ಆಗಲಿಲ್ಲ. ಹಿಂದಿನ ಬಾಗಲದಿಂದ ನಿಮ್ಮವ್ವನ ಹತ್ರ ಹೋದೆ. ಆದರ ನಮ್ಮತ್ತಿ ಭಾಳ ಬೆರಕಿ. 'ಅವರ ಮನ್ಯಾಗ ಉಂಡೀಯೇನ' ಅಂತ ಕೇಳಾಕಿ ಅಲ್ಲ, 'ಅವರ ಮನಿ ಉಪ್ಪ ತಿಂದೀಯೇನ' ಅಂತ ಲಿಂಗ ಮುಟ್ಟಿಸಿ ಕೇಳಾಕಿ. ಅದಕ್ಕ ನಾನು, 'ಪಾಸ್ಕಿನ, ಉಪ್ಪೊಂದು ಹಾಕಬ್ಯಾಡವಾ' ಅಂದೆ. ಉಂಡು ಬಂದು ಲಿಂಗ ಮುಟ್ಟಿ, ಉಪ್ಪ ತಿಂದಿಲ್ಲ ಅಂದೆ. ಸುಳ್ಳ ಹೇಳಿದಂಗ ಆಗಲಿಲ್ಲ ನೋಡು."

"ಆಮ್ಯಾಲ?"

"ಆಮ್ಯಾಲ ರುಚಿ ಹತ್ತಿತು. ವರ್ಷಾ ಹೋಗತಿದ್ದೆ. ನಿಮ್ಮವ್ವ ನನಗಂತ ಬ್ಯಾರೆ ಮಾಡಿದರ ಯಾರರ ಕೇಳತಾರ ಅಂತ ಮನಿಮಂದಿಗೆಲ್ಲಾ ಸಪ್ಪನ ಮಾಡಾಕ ಚಾಲೂ ಮಾಡಿದಳು. ನೀ ಕೇಳಿದಾಗ ಹಿರ್ಯಾರ ಹೆಸರು ಹೇಳಿದಳು. ನನ್ನ ಉಳಸಾಕ ಹೇಳಿದ ಮಾತು ಅದು. ಸಾಯೂತನಕಾ ಯಾರ ಮುಂದೂ ಬಾಯಿ ಬಿಡಲಿಲ್ಲ ಆಕಿ."

ಲುಯಿಸ ಕಟ್ಟೆಯಿಂದ ಎದ್ದು ಹೊರಟ. "ಹೇಳೂದು ಬಿಡೂದು ನಿನಗ ಬಿಟ್ಟಿದ್ದಪಾ" ಎಂದು ಗುರುಸಿದ್ದವ್ವ ಹಿಂದಿನಿಂದ ಅಂದದ್ದು ಕೇಳಿಸಿತು.

ಅವನಿಗೆ ಮೊದಲು ಬಂದದ್ದು ಸಿಟ್ಟು. ತಾಯಿಯ ಮೇಲೆ ಸಿಟ್ಟು, ಅವಳು ಮಣ್ಣಾಗಿ ಎಷ್ಟೋ ವರ್ಷವಾದದ್ದರಿಂದ ಅದು ಗುರುಸಿದ್ದವ್ವನ ಮೇಲೆ ತಿರುಗಿತು. ಯಾರದೋ ಬಸಿರ ಬಯಕೆಗೆ ತನ್ನ ಮನೆಮಂದಿಯೆಲ್ಲ ಇಷ್ಟು ವರ್ಷ ಸಪ್ಪೆ ತಿಂದರಲ್ಲ, ತಾನು ಅದರ ಮೇಲೆ ಕಣ್ಣೀರೂ ಹಾಕಿದೆನಲ್ಲ! ಇನ್ನು ಯಾರಾದರೂ "ಎಲ್ಲಿಂದ ಬಂದವರು?" ಎಂದರೆ ಏನು ಹೇಳಲಿ? ಬರಿಗೈಯಾಯಿತು ಎನಿಸಿ ಎರಡು ದಿನ ಕೆಲಸಕ್ಕೂ ಹೋಗಲಿಲ್ಲ.

ಗದ್ದೆ ಕೊಯ್ಲಿನ ಹೊತ್ತಿಗೆ ಸಿಟ್ಟು ಇಳಿದು ಬೇರೊಂದು ಯೋಚನೆ ಹತ್ತಿತು. ಹಿರಿಯರು ಕಷ್ಟಪಟ್ಟದ್ದಂತೂ ಸುಳ್ಳಲ್ಲ, ಅದಕ್ಕೆ ಕುಂಬಳಕಾಯಿಯ ಸಾಕ್ಷಿ ಬೇಕಿಲ್ಲ. ಆದರೆ ಗೋವೆಯ ಒಡೆಯನನ್ನು ಬೈಯುವುದು ಸಲೀಸು. ಅವನು ಸತ್ತು ಮಣ್ಣಾದವನು, ಬೈದರೆ ಯಾರೂ ಎದ್ದು ಬಂದು ಜಗಳ ತೆಗೆಯುವುದಿಲ್ಲ, ಕೇಳಿದವರು ಚಪ್ಪಾಳೆಯನ್ನೂ ತಟ್ಟುತ್ತಾರೆ. ತಾಯಿಯ ಜೀವದ ಗೆಳತಿ ಅವಳ ಮನೆಗೆ ಮುಂಬಾಗಿಲಿನಿಂದ ಬರಲಾಗಲಿಲ್ಲ ಎಂಬುದು ಈ ಓಣಿಯದೇ ಮಾತು. ಅದನ್ನು ಆಡಿದರೆ ನಾಳೆ ಬೆಳಿಗ್ಗೆ ನಲ್ಲಿಯ ಹತ್ತಿರ ಅದೇ ಮುಖಗಳನ್ನು ನೋಡಬೇಕು. ತಾನು ಇಷ್ಟು ವರ್ಷ ದೂರದ ದುಃಖ ಹೇಳಿಕೊಂಡು ಹತ್ತಿರದ್ದನ್ನು ಮುಚ್ಚಿದೆನೇನೋ ಎನಿಸಿತು. ಹಾಗೆಂದು ಈಗ ಬಿಚ್ಚಿದರೆ ಊರ ಬಾಯಿಗೆ ಬೀಳುವವಳು ಆ ಮುದುಕಿ. ತಾಯಿ ಕಡೆಯವರೆಗೆ ಕಾಯ್ದ ಗುಟ್ಟನ್ನು ಮಗ ಮೊಬೈಲಿಗೆ ಕೊಡುವುದೆ? ಈ ಸಲ ಆ ಕಥೆಯೂ ಬೇಡ, ಈ ಕಥೆಯೂ ಬೇಡ, ಸುಮ್ಮನೆ ಉಂಡೇಳುವುದು ಎಂದು ನಿಶ್ಚಯಿಸಿದ.

ಕ್ರಿಸ್ಮಸ್ ಬಂತು. ಅಂಗಳದಲ್ಲಿ ಎಲೆ ಹಾಕಿದ್ದಾಯಿತು, ಕುಂಬಳಕಾಯಿ ಬಡಿಸಿದ್ದೂ ಆಯಿತು. ಕರಿಷ್ಮಾ ಮೊಬೈಲು ಹಿಡಿದು, "ಅಪ್ಪಾ, ಚಾಲೂ ಮಾಡು" ಎಂದಳು. ಲುಯಿಸ ತಲೆ ಬಗ್ಗಿಸಿ ಕುಳಿತ. ಎಲ್ಲರೂ ಕಾದರು.

ಆಗ ಓಣಿಯ ಕಡೆಯಿಂದ ಕೋಲೂರುವ ಸದ್ದು ಬಂತು. ಗುರುಸಿದ್ದವ್ವ ಚನಬಸಪ್ಪನ ತೋಳು ಹಿಡಿದು, ಹಾಡುಹಗಲಲ್ಲಿ, ಅಕ್ಕಪಕ್ಕದವರು ಕಟ್ಟೆಯ ಮೇಲಿಂದ ನೋಡುತ್ತಿರುವಾಗಲೇ, ಮುಂದಿನ ಬೇಲಿಯ ಗೇಟು ತಳ್ಳಿಕೊಂಡು ಒಳಗೆ ಬಂದಳು. ಲುಯಿಸ ಎದ್ದು ನಿಂತ. "ಬರ್ರಿ ಅವ್ವಾರ" ಎಂದು ಪಕ್ಕದ ಎಲೆ ತೋರಿಸಿದ.

ಅವಳು ಅವನ ಪಕ್ಕದ ಎಲೆಯ ಮುಂದೆ ಕುಳಿತಳು. ಚನಬಸಪ್ಪ ಗೇಟಿನ ಹತ್ತಿರವೇ ನಿಂತು ಚಪ್ಪಲಿ ಬಿಡಲೋ ಬೇಡವೋ ಎಂದು ನೋಡುತ್ತಿದ್ದ.

"ಬಂದ ಕುಂದ್ರೋ," ಎಂದಳು ಗುರುಸಿದ್ದವ್ವ. "ನೀ ಹೊಟ್ಯಾಗಿದ್ದಾಗನ ಉಂಡೀದಿ ಇಲ್ಲೆ. ಈಗೇನ ಹೊಸಾದು?"

ಅವನು ಬಂದು ಕುಳಿತ. ಅವಳು ಪಲ್ಯದ ಒಂದು ತುತ್ತು ಬಾಯಿಗಿಟ್ಟು, ಇಲ್ಲದ ಹಲ್ಲಿನಲ್ಲಿ ಬಹಳ ಹೊತ್ತು ಅಗಿದಳು.

"ಪಾಸ್ಕಿನಾ ಮಾಡಿದಂಗ ಐತಿ" ಎಂದಳು. ಆಮೇಲೆ ಎಲೆಯ ತುದಿಯನ್ನು ಬೆರಳಿನಿಂದ ತಟ್ಟಿ ತೋರಿಸಿದಳು. "ಲುಯಿಸ, ಇಲ್ಲೆ ಒಂಚೂರು ಉಪ್ಪ ಹಾಕು. ಯಾರರ ಕೇಳಿದರ, ತಿಂದೇನಿ ಅಂತ ಹೇಳತೇನಿ."

ಲುಯಿಸ ಉಪ್ಪು ತರಲು ಒಳಗೆ ಹೋದ. ಡಬ್ಬಿ ಒಲೆಯ ಪಕ್ಕದಲ್ಲೇ ಇದ್ದರೂ ಅವನು ಹೊರಗೆ ಬರಲು ತುಸು ಹೊತ್ತು ಹಿಡಿಯಿತು.