ಚಂದ್ರಿಯ ಹಿಂಗಾಲು

ಕಳೆದ ತಿಂಗಳು ನನ್ನ ಕುದುರೆ ಚಂದ್ರಿ ಪನಮರಂ ರಸ್ತೆಯ ಇಳಿಜಾರಿನಲ್ಲಿ, ಸಂತೆಗೆ ಹೊರಟಿದ್ದ ಅರ್ಧ ಊರಿನ ಎದುರು, ನನ್ನನ್ನು ನೆಲಕ್ಕೆ ಕೆಡವಿದಳು. (ಮೂಳೆ ಮುರಿಯಲಿಲ್ಲ. ಮಾನದ ವಿಷಯ ಕೇಳಬೇಡಿ.)

ಎರಡು ವಾರದಲ್ಲಿ ಅವಳು ಮುಗ್ಗರಿಸಿದ್ದು ಅದು ಎರಡನೇ ಸಲ. ನನ್ನ ಹೆಂಡತಿ ಪದ್ಮಾ ಮಂಡಿಗೆ ಎಣ್ಣೆ ಹಚ್ಚುತ್ತಲೇ ತೀರ್ಪು ಕೊಟ್ಟಳು: "ಮೆರವಣಿಗೆಗೆ ಕುದುರೆ ಬೇಕು ಅಂತ ಮೈಸೂರಿನೋರು ಒಬ್ರು ಕೇಳಿದ್ರಲ್ಲ, ಬಂದು ನೋಡ್ಲಿ ಅಂತ ಹೇಳಿ ಕಳಿಸ್ತೀನಿ. ನಿಮಗೆ ಕುದುರೆ ಬೇಕೋ, ಕಾಲು ಬೇಕೋ?"

ಎರಡೂ ಬೇಕಿತ್ತು. ಹೇಳುವ ಧೈರ್ಯ ಇರಲಿಲ್ಲ. ತಿಂಗಳು ಕಳೆದು ಬರುತ್ತೇನೆ ಅಂತ ಅವರಿಂದ ಉತ್ತರವೂ ಬಂತು.

ನಮ್ಮದು ಕರ್ನಾಟಕದಿಂದ ಗಡಿ ದಾಟಿ ಬಂದು ಇಲ್ಲಿ ಗದ್ದೆ ಮಾಡಿದ ಜೈನರ ಮನೆ. ತಲೆಮಾರುಗಳಿಂದ ನಮಗೆ ಗೊತ್ತಿರುವ ಶಾಸ್ತ್ರ ಒಂದೇ: ಮೂಗುದಾರ. ಎಳೆದರೆ ಎತ್ತು ತಿರುಗಬೇಕು, ಬಿಗಿದರೆ ನಿಲ್ಲಬೇಕು. ಕುದುರೆಗೂ ಅದನ್ನೇ ಹಚ್ಚಿದೆ. ಲಗಾಮು ಬಿಗಿದು ಬಿಗಿದು ಅವಳ ಕತ್ತನ್ನು ಬಿಲ್ಲಿನ ಹಾಗೆ ಬಾಗಿಸಿದೆ. ನೋಡಿದವರೆಲ್ಲ "ಎಂಥಾ ಕತ್ತು ಗೌಡ್ರೇ!" ಅಂದರು. ನಾನು ಉಬ್ಬಿಹೋದೆ.

ಕೊನೆಗೆ ಪಯ್ಯಂಪಳ್ಳಿಯ ಸಾರಾ ಚೇಚಿಯನ್ನು ಕರೆಸಿದೆ. (ಅಕ್ಕ ಅನ್ನುವುದಕ್ಕೆ ಇಲ್ಲಿ ಚೇಚಿ ಅಂತಾರೆ.) ಗಂಡನ ಜೊತೆ ಮೈಸೂರಿನಲ್ಲಿ ಬಹಳ ವರ್ಷ ಕುದುರೆ ಪಳಗಿಸಿ, ಈಗ ಊರಿನಲ್ಲಿ ಮೆಣಸಿನ ಬಳ್ಳಿ ನೋಡಿಕೊಂಡಿರುವವರು. ಆಕೆ ಚಂದ್ರಿಯ ಮುಖ ನೋಡಲೇ ಇಲ್ಲ. ಗದ್ದೆಯ ಒದ್ದೆ ಅಂಚಿನಲ್ಲಿ ನನ್ನನ್ನು ಒಂದು ಸುತ್ತು ಹೊಡೆಸಿ, ಹಿಂದೆಯೇ ಬಂದು ಕುಕ್ಕುರುಗಾಲಲ್ಲಿ ಕೂತು, ಕೆಸರಿನಲ್ಲಿ ಮೂಡಿದ ಗೊರಸಿನ ಗುರುತುಗಳ ನಡುವೆ ಗೇಣು ಹಾಕಿದರು.

"ಇಲ್ಲಿ ನೋಡಿ ಗೌಡ್ರೇ. ಮುಂಗಾಲು ಊರಿದ ಜಾಗಕ್ಕೆ ಹಿಂಗಾಲು ಬರ್ಬೇಕು. ಒಂದು ಗೇಣು ಹಿಂದೇನೇ ನಿಂತಿದೆ. ಭಾರ ಎಲ್ಲ ಮುಂದೆ. ಇಳಿಜಾರಲ್ಲಿ ಬೀಳ್ದೆ ಏನ್ ಮಾಡ್ತಾಳೆ, ಪಾವಂ, ಬಡಪಾಯಿ?"

"ಕತ್ತು ಚೆನ್ನಾಗಿ ಬಾಗಿದೆಯಲ್ಲ ಚೇಚಿ?"

"ಬಾಗಿಸಿದ್ದು ನೀವು. ಅವಳಲ್ಲ. ಮುಂದಿಂದ ಹಿಡಿದು ಬಿಗಿದ್ರೆ ಹಿಂಗಾಲು ಹೇಗೆ ಮುಂದೆ ಬರತ್ತೆ?"

ನಾಚಿಕೆಯಾಯಿತು. ನಾನು ಹೊಗಳಿಸಿಕೊಂಡದ್ದಕ್ಕೆ ಅವಳು ಮುಗ್ಗರಿಸಿದ್ದಳು.

ಮರುದಿನದಿಂದ ಪಾಠ. ಪಾಠ ನನಗೇ. ಕೈ ಸಡಿಲ ಬಿಡು, ಕಾಲಿನಿಂದ ಒತ್ತು. ನಡೆಸು, ನಿಲ್ಲಿಸು, ಎರಡು ಹೆಜ್ಜೆ ಹಿಂದಕ್ಕೆ, ಮತ್ತೆ ನಡೆಸು. ಕಾಫಿ ತೋಟದ ಏರು ಹತ್ತಿಸು, ನಿಧಾನಕ್ಕೆ ಇಳಿಸು. ನನ್ನ ಕೈ ಹಳೇ ಚಾಳಿಗೆ ಬಿದ್ದು ಬಿಗಿದಾಗಲೆಲ್ಲ ಚೇಚಿಯ ಕೂಗು: "ಮತಿ, ಮತಿ! ಸಾಕು ಬಿಗಿದದ್ದು!" ಗೇಣಿನ ಅಂತರ ನಾಲ್ಕು ಬೆರಳಾಯಿತು. ಮೂರನೇ ವಾರ ಹಿಂಗಾಲಿನ ಗುರುತು ಮುಂಗಾಲಿನ ಗುರುತಿನ ಮೇಲೇ ಬಿತ್ತು. ಖುಷಿಗೆ ಕೂಗಿಬಿಟ್ಟೆ. ಆಮೇಲೆ ಮೈಸೂರಿನವರ ನೆನಪಾಯಿತು. ಇಷ್ಟೆಲ್ಲ ತಿದ್ದಿದ್ದು ಯಾರದೋ ಮೆರವಣಿಗೆಗೆ ಕಳಿಸುವುದಕ್ಕಾ?

ಅದೇ ಇಳಿಜಾರಿನಲ್ಲಿ ನಾವಿಬ್ಬರೂ ಸಲೀಸಾಗಿ ಇಳಿದು ಬಂದದ್ದನ್ನು ಪದ್ಮಾ ನೋಡಿದಳು. ಚಂದ್ರಿಗೆ ಬೆಲ್ಲ ತಿನ್ನಿಸಿದಳು. "ಬರೋಕೆ ಹೇಳಿ ಆಗಿದೆಯಲ್ಲ, ಈಗ ಯಾವ ಮುಖ ಇಟ್ಕೊಂಡು ಬೇಡ ಅನ್ನೋದು?" ಅಂದಳು.

ಮುಖದ ಚಿಂತೆ ಅವಳೊಬ್ಬಳದೇ ಅಲ್ಲ ಬಿಡಿ. ಮದುವೆ ಬಂದರೆ ನಾವು ಸುಣ್ಣ ಬಳಿಯುವುದು ರಸ್ತೆಗೆ ಕಾಣುವ ಗೋಡೆಗೆ ಮಾತ್ರ. ನಮ್ಮ ಜಿಲ್ಲೆಯೂ ಈಗ ಹೊಸದು. ಆಫೀಸಿನ ಬೋರ್ಡುಗಳಿಗೆಲ್ಲ ಹೊಸ ಪೇಂಟು. ಆ ಬೋರ್ಡುಗಳ ಮುಂದೆ ಹಾದುಹೋಗುವ ರಸ್ತೆ ಹೇಗಿದೆ? ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತವರನ್ನು ಕೇಳಿ.

ಭಾನುವಾರ ಮೈಸೂರಿನವರು ಬಂದರು. ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಎದುರಿಗೇ ಕೂತರು. ಲಗಾಮು ಸಡಿಲ ಬಿಟ್ಟು ನಡೆಸಿದೆ. ಚಂದ್ರಿ ಕತ್ತು ನೀಳವಾಗಿ ಚಾಚಿ, ಏರು ಹತ್ತಿ, ಒಂದು ಹೆಜ್ಜೆಯೂ ತಪ್ಪದೆ ಇಳಿದು ಬಂದಳು.

"ಕತ್ತೇ ಬಾಗ್ಸಲ್ವಲ್ಲ ಸ್ವಾಮಿ. ಗತ್ತೇ ಇಲ್ಲ. ಮದುವೆ ಗಂಡು ಇದರ ಮೇಲೆ ಕೂತ್ರೆ ಜನ ನಗ್ತಾರೆ," ಅಂದರು. ಕಾಫಿ ಕುಡಿದು ಹೊರಟೇ ಹೋದರು. ಪದ್ಮಾ ಲೋಟ ಎತ್ತಿಕೊಂಡು ಒಳಗೆ ಹೋದವಳು ಬಾಗಿಲ ಮರೆಯಲ್ಲಿ ನಗುತ್ತಿದ್ದಳು.

ಗೊರಸಿನ ಗುರುತುಗಳು, ಒಂದರ ಮೇಲೊಂದು, ಅವರ ಕುರ್ಚಿಯ ಮುಂದೆಯೇ ಇದ್ದವು. ಒಂದು ಸಲ ಬಗ್ಗಿ ನೆಲ ನೋಡಿದ್ದರೆ, ಚಂದ್ರಿ ಇವತ್ತು ನಮ್ಮ ಕೊಟ್ಟಿಗೆಯಲ್ಲಿ ಇರುತ್ತಿದ್ದಳೇ?