ಮೈಕ್ ಪರಮೇಶಣ್ಣ ಮತ್ತು ಒಡೆಯನಿಲ್ಲದ ಜಾಲ

ಪರಮೇಶಣ್ಣನ ದನಿ ಮೂರು ತಾಲ್ಲೂಕಿಗೆ ಗೊತ್ತಿತ್ತು. ಆದರೆ ಎದುರಿಗೆ ಕೂತು ಮಾತಾಡಿದರೆ ಅವರು ಹೇಳಿದ್ದು ಅರ್ಧ ಕೇಳಿಸುತ್ತಿರಲಿಲ್ಲ. ಟೀ ಅಂಗಡಿಯಲ್ಲಿ ಒಂದು ಬನ್ನು ಬೇಕೆಂದರೂ ಅಂಗಡಿಯವನು ಮುಂದಕ್ಕೆ ಬಗ್ಗಿ 'ಏನಂದ್ರಿ?' ಎಂದು ಕೇಳಬೇಕು. ಅದೇ ಮನುಷ್ಯ ಲಗೇಜ್ ಆಟೋದಲ್ಲಿ ಮೈಕು ಹಿಡಿದು ಕೂತರೆ, ರಸ್ತೆಯಲ್ಲಿ ಹೊರಟ ಮಾತು ತೋಟದೊಳಗೆ ನೀರು ಹಾಯಿಸುತ್ತಿದ್ದವರ ಕಿವಿಗೂ ಸ್ಪಷ್ಟವಾಗಿ ಬೀಳುತ್ತಿತ್ತು. 'ಊರಿಗೆಲ್ಲ ಕೂಗಿ ಬತ್ತಾರೆ. ಮನೇಲಿ ಸಾರಿಗೆ ಉಪ್ಪು ಕಮ್ಮಿ ಐತೆ ಅನ್ನಕ್ಕೆ ಉಸ್ರೇ ಇರಲ್ಲ ಇವ್ರಿಗೆ' ಎಂದು ಅವರ ಹೆಂಡತಿ ಶಾರದಕ್ಕ ನನ್ನ ಹತ್ತಿರ ದೂರುತ್ತಿದ್ದರು.

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಫ್ಲೆಕ್ಸ್ ಅಂಗಡಿ. ಸತ್ತವರ ಭಾವಚಿತ್ರ, ಮದುವೆಯ ಸ್ವಾಗತ, ಕಣ್ಣಿನ ತಪಾಸಣೆ ಶಿಬಿರ, ಎಲ್ಲವೂ ನನ್ನ ಯಂತ್ರದಿಂದಲೇ ಹೊರಬರುತ್ತಿದ್ದವು. ನಾನು ಅಚ್ಚು ಹಾಕಿದ್ದನ್ನು ಪರಮೇಶಣ್ಣ ಕೂಗುತ್ತಿದ್ದರು. ಹಾಗೆ ಬೆಳೆದ ಪರಿಚಯ. ಅಂಗಡಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ನಾನು ಬರೆದುಕೊಟ್ಟ ಸಾಲುಗಳನ್ನು ತುಟಿಯಲ್ಲೇ ಓದಿಕೊಳ್ಳುವರು. ನಾಲಿಗೆಗೆ ತೊಡರುವ ಪದ ಕಂಡರೆ ಬೆರಳಿಟ್ಟು ತೋರಿಸುವರು. 'ಇದು ಕಾಗ್ದದಲ್ಲಿ ಚೆನ್ನಾಗೈತೆ ಕಣಮ್ಮ. ಗಾಳೀಲಿ ನಿಲ್ಲಲ್ಲ.'

ಅವರದೊಂದು ಕಟ್ಟುನಿಟ್ಟು ಇತ್ತು. ಕಣ್ಣಿಂದ ನೋಡದ್ದನ್ನು ಕೂಗುತ್ತಿರಲಿಲ್ಲ. ಶಿಬಿರವೆಂದರೆ ಡಾಕ್ಟರು ಬಂದಿದ್ದಾರೋ ಇಲ್ಲವೋ ನೋಡಿಕೊಂಡು ಬರುವರು. ಸಾವೆಂದರೆ ಆ ಮನೆಗೆ ಹೋಗಿ ಕೈಮುಗಿದು ಬಂದ ಮೇಲೆಯೇ ಆಟೋ ಹತ್ತುವರು. ಒಮ್ಮೆ ಹಾಲ್ಕುರಿಕೆಯ ಕಡೆ ಒಂದು ಮನೆಯಿಂದ ಕರೆ ಬಂತು. ಹಿರಿಯರು ಹೋದರು, ನೆಂಟರಿಗೆ ತಿಳಿಯುವ ಹಾಗೆ ಕೂಗಬೇಕು ಎಂದರು. ಪರಮೇಶಣ್ಣ ಹೋಗಿ ಮಂಚದ ಪಕ್ಕ ಕೂತು ನೋಡಿದರೆ ಮುದುಕರ ಎದೆ ಮೆಲ್ಲಗೆ ಏರಿಳಿಯುತ್ತಿದೆ. 'ಉಸ್ರೈತಲ್ಲಪ್ಪ' ಎಂದರು. 'ಸಂಜೆಯೊಳಗೆ ಆಗೋಯ್ತದೆ ಪರಮೇಶಣ್ಣ, ದೂರದೋರು ಬರಬೇಕಲ್ಲ' ಎಂದರು ಮಕ್ಕಳು. 'ಆದಾಗ ಕೂಗ್ತೀನಿ. ಈಗ ಕೂಗಿದ್ರೆ ಅವ್ರ ಕಿವಿಗೂ ಬೀಳ್ತದೆ' ಎಂದು ಎದ್ದು ಬಂದರು. ಆ ಹಿರಿಯರು ಚೇತರಿಸಿಕೊಂಡು ಎದ್ದು ಕೂತು, ಮುಂದಿನ ಅವರೆಕಾಯಿ ಸುಗ್ಗಿಯನ್ನೂ ಉಂಡರಂತೆ.

ಇಂಥವರನ್ನು 'ಗರಿ'ಗೆ ಕರೆದುಕೊಂಡು ಬಂದವಳು ನಾನು.

ಗರಿ ಎಂಬುದು ಒಂದು ಬ್ಲಾಕ್‌ಚೈನ್ ಜಾಲ. ಯಾವ ತೋಟದ ಕಾಯಿ, ಎಷ್ಟು ಕಾಲ ಅಟ್ಟದಲ್ಲಿ ಒಣಗಿದ ಕೊಬ್ಬರಿ ಎಂಬುದೆಲ್ಲ ಅದರಲ್ಲಿ ದಾಖಲಾಗಬೇಕು. ದೂರದ ಊರಿನ ಕೊಳ್ಳುವವರು ಫೋನಿನಲ್ಲೇ ಅದನ್ನು ನೋಡಿ ನೇರವಾಗಿ ಬೆಳೆಗಾರರಿಂದ ಕೊಳ್ಳಬೇಕು. ದಾಖಲೆಯ ಪ್ರತಿ ಸಾವಿರಾರು ಕಂಪ್ಯೂಟರುಗಳಲ್ಲಿ ಇರುವುದರಿಂದ ಒಬ್ಬರು ಕೂತು ತಿದ್ದಲು ಬರುವುದಿಲ್ಲ. ಜಾಲಕ್ಕೆ ಒಡೆಯನೂ ಇಲ್ಲ. ಸೇರಿದವರಿಗೆ ಟೋಕನ್ ಸಿಗುತ್ತದೆ, ಟೋಕನ್ ಇದ್ದವರು ಓಟು ಹಾಕಿ ಎಲ್ಲವನ್ನೂ ತೀರ್ಮಾನಿಸುತ್ತಾರೆ. ನಮ್ಮ ಕಡೆಯವರು ಟೋಕನ್ನಿಗೆ ಬಿಲ್ಲೆ ಎಂದೇ ಹೆಸರಿಟ್ಟರು. ಜಾಲ ಕಟ್ಟಿದವರು ಮೊದಲು ನನ್ನ ಹತ್ತಿರ ಫಲಕ ಮಾಡಿಸಲು ಬಂದರು. ಆಮೇಲೆ, ಜಾಹೀರಾತು ಬೇಡ, ಸಮುದಾಯವೇ ಸಮುದಾಯಕ್ಕೆ ಹೇಳಬೇಕು, ಈ ಮೂರು ತಾಲ್ಲೂಕಿನ ಪ್ರಚಾರದ ಯೋಜನೆ ನೀವೇ ಮಾಡಿ ಎಂದರು. ನನಗೂ ಆ ವಿಚಾರ ನಿಜವಾಗಿ ಹಿಡಿಸಿತ್ತು. ಮಂಡಿಯವರು ಹೇಳಿದ್ದೇ ದರ ಎಂಬ ಮಾತು ಕೇಳುತ್ತಲೇ ಬೆಳೆದವಳು ನಾನು.

ಪರಮೇಶಣ್ಣ ಎಲ್ಲವನ್ನೂ ಕೇಳಿಸಿಕೊಂಡು, 'ಅದೆಲ್ಲೈತೆ? ಒಸಿ ತೋರ್ಸು, ನೋಡ್ಕಂಡು ಬರಾಣ' ಎಂದರು.

'ಒಂದು ಕಡೆ ಇಲ್ಲ ಪರಮೇಶಣ್ಣ, ಎಲ್ಲಾ ಕಡೆ ಇದೆ.'

'ಶಿವನ ವಿಚಾರ ಹೇಳ್ದಂಗೆ ಹೇಳ್ತೀಯಲ್ಲ' ಎಂದು ನಕ್ಕರು. ಒಂದು ವಾರ ಒಪ್ಪಲಿಲ್ಲ. ಕೊನೆಗೆ ನನ್ನ ಫೋನಿನಲ್ಲೇ ಒಂದು ತೋಟದ ದಾಖಲೆಯನ್ನು ತೆಗೆದು, ತಿದ್ದಲು ಪ್ರಯತ್ನಿಸಿ ಸೋತು ತೋರಿಸಿದೆ. ಅದನ್ನೇ ನೋಡಿದ್ದೆಂದು ಲೆಕ್ಕಕ್ಕೆ ಹಿಡಿದರು. ನನ್ನ ಮೇಲಿನ ವಿಶ್ವಾಸಕ್ಕೆ ತಮ್ಮ ಕಟ್ಟುನಿಟ್ಟನ್ನು ಅಷ್ಟು ಸಡಿಲಿಸಿದರು ಎಂದು ಆಗ ನನಗೆ ಹೊಳೆಯಲಿಲ್ಲ.

ಯೋಜನೆಯ ಬೆನ್ನೆಲುಬು ಅವರದೇ. ಊರಿಗೆ ಬೇಕಾದವರು, ಸಂಘದ ಅಧ್ಯಕ್ಷರು, ಮೇಷ್ಟರು ಎಂದೆಲ್ಲ ನಾನು ಹೆಸರು ಹಾಕಿಕೊಂಡಿದ್ದೆ. ಅವರು ಬೇಡವೆಂದು ತಲೆ ಆಡಿಸಿದರು. 'ಎಲ್ರಿಗೂ ಹೂಂ ಅನ್ನೋನ ಮಾತು ಯಾರು ನಂಬ್ತಾರೆ? ಪ್ರತಿ ಊರಲ್ಲೂ ಒಬ್ಬ ಜಗಳಗಂಟ ಇರ್ತಾನೆ. ಮೊದ್ಲು ಅವನತ್ರ ಹೋಗು. ಅವನು ಬೈದ್ರೆ ಬೈಸ್ಕ. ಅವನು ಒಪ್ದ ಅಂದ್ರೆ ಮಿಕ್ಕೋರಿಗೆ ನೀನು ಹೇಳೋದೇ ಬ್ಯಾಡ.' ಸಂತೆಯ ದಿನ ಹೋಗಬೇಡ, ಜನಕ್ಕೆ ನಿಲ್ಲಲು ಹೊತ್ತಿರಲ್ಲ ಎಂದರು. ಅಟ್ಟ ನೋಡಿಕೊಳ್ಳುವವರು ಹೆಂಗಸರು, ಅವರನ್ನು ಬಿಟ್ಟು ಗಂಡಸರ ಹತ್ತಿರ ಮಾತ್ರ ಮಾತಾಡಿದರೆ ಸಂಜೆಗೆ ಎಲ್ಲ ತಿರುಗುಮುರುಗಾಗುತ್ತದೆ ಎಂದರು.

ಹಾಗೆ ಸಿಕ್ಕಿದವರು ಹಂದನಕೆರೆ ಕಡೆಯ ಸಿದ್ರಾಮಣ್ಣ. ಬದುವಿಗೆ, ನೀರಿಗೆ, ಹಾಲಿನ ಡೈರಿಗೆ, ಎಲ್ಲದಕ್ಕೂ ಜಗಳ ತೆಗೆದ ಮನುಷ್ಯ. ನಮ್ಮನ್ನು ಜಗುಲಿಯ ಮೇಲೆ ಕೂರಿಸಿಕೊಂಡು ಮಧ್ಯಾಹ್ನದವರೆಗೆ ಬೈದರು. ಕೊನೆಗೆ, 'ಒಡೆಯ ಇಲ್ಲ ಅಂತೀರಲ್ಲ, ನಾನು ಜಗಳ ಆಡಬೇಕು ಅಂದ್ರೆ ಯಾರತ್ರ ಆಡ್ಲಿ?' ಎಂದು ಕೇಳಿದರು. 'ಆಡಂಗಿಲ್ಲ. ಓಟ್ ಹಾಕು' ಎಂದರು ಪರಮೇಶಣ್ಣ. ಸಿದ್ರಾಮಣ್ಣ ಮೊದಲ ಸಲ ನಕ್ಕರು. ಆ ಊರು ಸೇರಿತು. ಅದರ ಹಿಂದೆ ಸುತ್ತಲ ಊರುಗಳು ಸೇರಿದವು.

ಪ್ರಚಾರದ ಮಾತನ್ನು ನಾನು ಬರೆದುಕೊಟ್ಟಿದ್ದೆ: 'ತಮ್ಮ ಬಳಿ ಇರುವ ಟೋಕನ್ನುಗಳ ಪ್ರಮಾಣಕ್ಕೆ ಅನುಗುಣವಾಗಿ ಮತದಾನದ ಹಕ್ಕು.' ಪರಮೇಶಣ್ಣ ಅದರ ಮೇಲೆ ಬೆರಳಿಟ್ಟರು. ಗಾಳಿಯಲ್ಲಿ ನಿಲ್ಲುವ ಸಾಲಲ್ಲ ಅದು. ಆಟೋ ಹೊರಟ ಮೇಲೆ ಅವರ ಬಾಯಿಂದ ತಾನಾಗಿ ಬಂದದ್ದು ಬೇರೆ ಮಾತು: 'ನಿಮ್ಮ ತೋಟ, ನಿಮ್ಮ ಜಾಲ, ಎಲ್ಲರಿಗೂ ಒಂದೊಂದು ಓಟು.' ಕೇಳಲು ಎಷ್ಟು ಸಲೀಸಾಗಿತ್ತೆಂದರೆ ದನ ಮೇಯಿಸುವವರೂ ಅದನ್ನೇ ಗುನುಗುತ್ತಿದ್ದರು. ಪಕ್ಕದಲ್ಲೇ ಕೂತಿದ್ದ ನಾನೂ ತಿದ್ದಲಿಲ್ಲ.

ಮೊದಲ ವರ್ಷ ಕೊಳ್ಳುವವರು ಬಂದರು, ಕೊಬ್ಬರಿ ಹೋಯಿತು. ಎರಡನೆಯ ವರ್ಷ ದೊಡ್ಡ ಖರೀದಿದಾರರು ಬರುತ್ತಾರೆ, ಸ್ವಲ್ಪ ತಡೆಯಿರಿ ಎಂದು ಜಾಲದಲ್ಲಿ ಸುದ್ದಿ ಬಂತು. ನಮ್ಮವರು ಮಂಡಿಗೆ ಹಾಕದೆ ಅಟ್ಟದಲ್ಲೇ ಇಟ್ಟುಕೊಂಡು ಕಾದರು. ಅಷ್ಟರಲ್ಲಿ ಜಾಲದೊಳಗೆ ಒಂದು ಪ್ರಶ್ನೆ ಓಟಿಗೆ ಬಿತ್ತು. ಕೊಬ್ಬರಿಯ ಕೆಲಸ ಮುಂದುವರಿಸುವುದೋ, ಇದೇ ಜಾಲವನ್ನು ಆನ್‌ಲೈನ್ ಆಟಗಳ ವ್ಯವಹಾರಕ್ಕೆ ತಿರುಗಿಸುವುದೋ? ನಮ್ಮ ಊರುಗಳಲ್ಲಿ ಎಲ್ಲರೂ ಕೊಬ್ಬರಿಗೇ ಒತ್ತಿದರು. ಓಡಾಡಲಾಗದ ಮುದುಕಿಯರ ಕೈಗೂ ಫೋನು ಕೊಟ್ಟು ಒತ್ತಿಸಿದ್ದೆವು. ಆದರೂ ಸೋತೆವು. ಎಲ್ಲೋ ಕೂತು ದುಡ್ಡು ಕೊಟ್ಟು ಕೊಂಡ ಕೆಲವರ ಹತ್ತಿರ ನಮ್ಮೆಲ್ಲರ ಬಿಲ್ಲೆ ಸೇರಿಸಿದರೂ ಮುಟ್ಟದಷ್ಟು ಬಿಲ್ಲೆ ಇದ್ದವು. ಯಾರೂ ನಿಯಮ ಮುರಿದಿರಲಿಲ್ಲ.

ಫಲಿತಾಂಶವನ್ನು ನಾನೇ ಅಂಗಡಿಯಲ್ಲಿ ಅವರಿಗೆ ಓದಿ ಹೇಳಿದೆ.

'ನಮ್ಮೋರೆಲ್ಲ ಒತ್ತಿದ್ರಲ್ಲ?' ಎಂದರು.

'ಒತ್ತಿದ್ರು.'

'ಮತ್ತೆ?'

'ಓಟು ತಲೆಗೆ ಒಂದಲ್ಲ ಪರಮೇಶಣ್ಣ. ಬಿಲ್ಲೆಗೆ ಒಂದು.'

ಅವರು ತಮ್ಮ ಅಂಗೈ ನೋಡಿಕೊಂಡರು. 'ನೀನು ಬರ್ದಿದ್ದೆ. ನಾನು ಓದ್ದೆ. ಬಾಯಿಗೆ ಸಲೀಸು ಅಂತ ಬೇರೆ ಕೂಗ್ಬುಟ್ಟೆ' ಎಂದರು. 'ನಾನೂ ಅಲ್ಲೇ ಇದ್ದೆ' ಎಂದೆ. ಅದು ಅವರಿಗೆ ಕೇಳಿಸಲಿಲ್ಲ, ಇಲ್ಲವೇ ಕೇಳಿಸಿದರೂ ಬೇಕಾಗಿರಲಿಲ್ಲ.

ಮಾರನೆಯ ದಿನ ಆಟೋಗೆ ಮೈಕು ಕಟ್ಟಿದರು. ಶಾರದಕ್ಕ ಬಾಗಿಲಿಗೆ ಬಂದು ತಡೆದರು. 'ಯಾರೂ ಬಂದು ಕೇಳಿಲ್ಲ, ಯಾರೂ ಬೈದಿಲ್ಲ. ನೀವಾಗೇ ಹೋಗಿ ತಲೆ ಕೊಡ್ತೀರಾ?' ಎಂದರು. 'ಕೂಗಿದ್ದು ಕೂಗೇ ವಾಪಸ್ ತಗಬೇಕು ಕಣೇ' ಎಂದರು ಇವರು. ನಾನೂ ಜೊತೆಗೆ ಹತ್ತಿ ಕೂತೆ. ಸಿದ್ರಾಮಣ್ಣನ ಊರಿಗೇ ಮೊದಲು ಹೋದೆವು. ಅರಳಿಕಟ್ಟೆಯ ಹತ್ತಿರ ಆಟೋ ನಿಲ್ಲಿಸಿ ಪರಮೇಶಣ್ಣ ಮೈಕು ಹಿಡಿದರು. 'ಆತ್ಮೀಯ ಬಂಧುಗಳೇ, ಗರಿ ಜಾಲದಲ್ಲಿ ಎಲ್ಲರಿಗೂ ಒಂದೊಂದು ಓಟು ಎಂದು ನಾನು ಹೇಳಿದ್ದು ತಪ್ಪು. ಅದನ್ನು ನಂಬಿ ಕೊಬ್ಬರಿ ಇಟ್ಟುಕೊಂಡವರು ಇನ್ನು ಕಾಯಬೇಡಿ. ತಪ್ಪು ನನ್ನದು.' ಮೂರು ಸಲ ಹೇಳಿದರು. ಸಾವಿನ ಸುದ್ದಿ ಹೇಳುವಾಗ ಬರುತ್ತಿದ್ದ ದನಿ ಅದು.

ಸಿದ್ರಾಮಣ್ಣ ಬಂದರು. ಬೈಯುತ್ತಾರೆಂದು ನಾನು ಕಾದೆ. ಅವರು ಬೈಯಲಿಲ್ಲ. 'ಬಾ' ಎಂದು ಪರಮೇಶಣ್ಣನ ಮೊಣಕೈ ಹಿಡಿದು ಮನೆಯೊಳಗೆ ಕರೆದುಕೊಂಡು ಹೋಗಿ ಏಣಿ ತೋರಿಸಿದರು. ಇಬ್ಬರೂ ಅಟ್ಟ ಹತ್ತಿದರು. ಕೆಳಗೆ ನಿಂತಿದ್ದ ನನ್ನ ಮೂಗಿಗೂ ಕೊಬ್ಬರಿ ಕೆಟ್ಟ ಕಮಟು ವಾಸನೆ ಬಡಿಯಿತು. ಇಳಿದು ಬಂದ ಮೇಲೆ ಸಿದ್ರಾಮಣ್ಣ ದನಿ ತಗ್ಗಿಸಿಯೇ ಮಾತಾಡಿದರು.

'ಇದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ ಪರಮೇಶಣ್ಣ. ಮಾರಾಯ್ತು ಅಂತ ಹೇಳ್ಕಂಡು ತಿರುಗ್ತಿದ್ದೆ. ನಾನು ಹೇಳ್ದೆ ಅಂತ ಈ ಬೀದೀಲಿ ಅಷ್ಟು ಮನೆಯೋರು ಸೇರವ್ರೆ. ಈಗ ನೀನು ಮೈಕಲ್ಲಿ ಹೇಳ್ಬುಟ್ಟೆ, ಸಿದ್ರಾಮ ಮೋಸ ಹೋದ, ಊರಿಗೂ ಮೋಸ ಮಾಡ್ದ ಅಂತ. ನಾಳೆಯಿಂದ ನಾನು ಯಾರತ್ರ ಏನು ಅಂತ ಜಗಳ ಆಡ್ಲಿ?'

ಪರಮೇಶಣ್ಣ ಏನೋ ಹೇಳಿದರು. ತುಟಿ ಅಲುಗಿದ್ದು ಕಂಡಿತು. ತಿಪಟೂರು ಸೇರಿದ ಮೇಲೆ ಆಟೋದ ಮೇಲೆ ಕಟ್ಟಿದ್ದ ಮೈಕಿನ ಹಾರನ್ನುಗಳನ್ನು ತಾವೇ ಬಿಚ್ಚಿ, ಬಟ್ಟೆ ಸುತ್ತಿ ಒಳಗಿಟ್ಟರು.

ಆಮೇಲೆ ಅವರು ಮೈಕು ಮುಟ್ಟಲಿಲ್ಲ. ಬಸ್ಸಿನಲ್ಲಿ ಹೋಗಿ, ಇಳಿದು ನಡೆದು, ಒಂದೊಂದೇ ಮನೆಗೆ ಹೋಗುತ್ತಿದ್ದರು. ಹುಳಿಯಾರು, ತುರುವೇಕೆರೆ, ಎಲ್ಲೆಲ್ಲಿ ಕೂಗಿದ್ದರೋ ಅಲ್ಲೆಲ್ಲ. ಬಾಗಿಲು ಹಾಕಿಕೊಂಡವರೂ ಇದ್ದರು, ಊಟಕ್ಕೆ ಕೂರಿಸಿದವರೂ ಇದ್ದರು. ತಿಪಟೂರಿನ ಮಂಡಿಗಳಿಗೂ ಹೋಗಿ, ಗರಿ ಸೇರಿದ್ದವರ ಮಾಲನ್ನು ಮೊದಲಿನಂತೆ ಹಿಡಿಯಿರಿ ಎಂದು ಕೇಳಿಕೊಂಡರು. ಒಬ್ಬ ಮಂಡಿಯವರು ಒಪ್ಪಿದರು. ಅವರ ಮೂಲಕ ಸಿದ್ರಾಮಣ್ಣನ ಹೊಸ ಫಸಲು ಮಾರಾಟವಾಯಿತು. ಪರಮೇಶಣ್ಣನೇ ಕೇಳಿಕೊಂಡದ್ದೆಂದು ಸಿದ್ರಾಮಣ್ಣನಿಗೆ ಗೊತ್ತಾಯಿತೋ ಇಲ್ಲವೋ ತಿಳಿಯದು.

ಮೊದಮೊದಲು ನಾನೂ ಜೊತೆಗೆ ಹೋಗುತ್ತಿದ್ದೆ. ಮದುವೆಯ ಕಾಲ ಬಂತು, ಅಂಗಡಿಯಲ್ಲಿ ಕೆಲಸದ ಮೇಲೆ ಕೆಲಸ. ಒಂದು ವಾರ ತಪ್ಪಿತು, ಇನ್ನೊಂದು ತಪ್ಪಿತು. 'ನೀನು ಅಂಗಡಿ ನೋಡ್ಕ ಬುಡಮ್ಮ' ಎಂದರು. ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಕೊನೆಯ ಸಲ ಕಂಡದ್ದು ಬಸ್ ನಿಲ್ದಾಣದಲ್ಲಿ. ತೀರಾ ಸೊರಗಿದ್ದರು. ನನ್ನ ಸ್ಕೂಟರಿನ ಹತ್ತಿರ ಬಂದು, 'ಹುಳಿಯಾರು ಕಡೇಲಿ ಎಲ್ಲ ಮುಗೀತು ಅನ್ಸುತ್ತೆ. ಆದ್ರೂ ಯಾವ್ದೋ ಒಂದು ಬಿಟ್ಟೋಗೈತೆ' ಎಂದರು. ಬಸ್ಸು ಬಂತು, ಹತ್ತಿದರು.

ಆ ಮಳೆಗಾಲದಲ್ಲಿ ಪರಮೇಶಣ್ಣ ಅರಸೀಕೆರೆಯ ಮಗಳ ಮನೆಯಲ್ಲಿ ತೀರಿಕೊಂಡರು. ನಾನು ಅಂಗಡಿಯ ಯಂತ್ರದ ರಿಪೇರಿಗೆಂದು ಹೋಗಿ ಊರಲ್ಲಿರಲಿಲ್ಲ. ಶಿವಗಣಾರಾಧನೆಯೂ ಮುಗಿದ ಮೇಲೆ ಶಾರದಕ್ಕನನ್ನು ನೋಡಲು ಹೋದೆ. ಅವರು ಕಣ್ಣೀರು ಹಾಕಲಿಲ್ಲ. 'ಕೊನೇವರ್ಗೂ ಅದೇ. ಹುಳಿಯಾರಿನ ಆಚೆ ಗಂಗಮ್ಮ ಅಂತೆ, ಅವ್ರ ಮನೆಗೆ ಹೋಗಿಲ್ಲ, ಅವ್ರಿಗೆ ಹೇಳಿಲ್ಲ ಅಂತ ಒದ್ದಾಡ್ತಿದ್ರು. ನಿಂಗೆ ಪುರುಸೊತ್ತಾದ್ರೆ ಒಸಿ ಹೋಗಿ ಬಾರಮ್ಮ' ಎಂದರು.

ಮಾರನೆಯ ದಿನವೇ ಹೊರಟೆ. ಕೇಳುತ್ತಾ ಕೇಳುತ್ತಾ ಮನೆ ಸಿಕ್ಕಿತು. ಗಂಗಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದರು. ಪರಮೇಶಣ್ಣನ ಪರವಾಗಿ ಬಂದಿದ್ದೇನೆ, ಗರಿಯ ವಿಚಾರ, ಎಂದು ಶುರು ಮಾಡಿದೆ. ಸಾವಿನ ಸುದ್ದಿ ಹೇಳುವ ಮೊದಲೇ ಅವರು ಮೊರ ಕೆಳಗಿಟ್ಟರು.

'ಇನ್ನೂ ಅದೇನಾ? ಪುಣ್ಯಾತ್ಮ ಸಂಕ್ರಾಂತಿ ಹೊತ್ನಲ್ಲಿ ಬಂದು ಇದೇ ಜಗುಲಿ ಮೇಲೆ ಕೂತು ಹೇಳಿ ಹೋದ್ರು. ಉಗಾದಿ ಆದ್ಮೇಲೆ ತಿರ್ಗ ಬಂದ್ರು. ಮೊದ್ಲು ಬಂದಿದ್ದೇ ಅವ್ರಿಗೆ ಜ್ಞಾಪಕ ಇರ್ಲಿಲ್ಲ. ನಾವೇನೂ ಅನ್ಕಂಡಿಲ್ಲ ಕಣಪ್ಪ, ನಮ್ಮ ಕೊಬ್ರಿ ಆಗ್ಲೇ ಮಂಡಿಗೆ ಹಾಕಿದ್ವು ಅಂತ ಎರಡು ದಪನೂ ಹೇಳಿದ್ದೀನಿ.'

ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟರು. ನಾನು ಕುಡಿಯುವುದನ್ನೇ ನೋಡುತ್ತಾ ಕೂತು, 'ನೀನು ಹೋಗಿ ಅವ್ರಿಗೆ ಚೆನ್ನಾಗಿ ಬುಡಿಸಿ ಹೇಳಮ್ಮ. ಈ ಮಳೆಗಾಲ್ದಲ್ಲಿ ಮತ್ತೆ ಇಷ್ಟು ದೂರ ಬರೋದು ಬ್ಯಾಡ ಅಂತ' ಎಂದರು.

'ಹೂಂ, ಹೇಳ್ತೀನಿ' ಎಂದೆ. ಲೋಟ ತೊಳೆದಿಟ್ಟು ಸ್ಕೂಟರು ಹತ್ತಿದೆ.